ಪ್ರಶಸ್ತಿ ಉಂಟು, ಲಿಪಿಕಾರನಿಲ್ಲ

ಸಣ್ಣ ಊರಿನಲ್ಲಿ ಕನ್ನಡ ಅಧ್ಯಾಪಕನಾದವನಿಗೆ ಪಾಠ ಹೇಳುವುದರ ಜೊತೆಗೆ ಕೆಲವು ಬಿಟ್ಟಿ ಉದ್ಯೋಗಗಳೂ ಅಂಟಿಕೊಂಡು ಬರುತ್ತವೆ. ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಬೇಕು; ನಿವೃತ್ತರಾಗುವ ಅಧಿಕಾರಿಗಳಿಗೆ ಬಿನ್ನವತ್ತಳೆ ಬರೆಯಬೇಕು; ಗಣೇಶೋತ್ಸವದ ಕರಪತ್ರದಲ್ಲಿ ಅಕ್ಷರಸ್ಖಾಲಿತ್ಯಗಳು ನುಸುಳದಂತೆ ಕಾವಲು ಕೂಡಬೇಕು. ಇಪ್ಪತ್ತು ವರ್ಷಗಳಿಂದ ಇವೆಲ್ಲವನ್ನೂ ಮಾಡಿಕೊಂಡು ಬಂದಿದ್ದೇನೆ. ಬಿನ್ನವತ್ತಳೆಗಳಲ್ಲಿ ನಾನು ‘ಅಜಾತಶತ್ರು’ಗಳನ್ನಾಗಿ ಮಾಡಿದವರ ಲೆಕ್ಕವನ್ನು ಹಿಡಿದರೆ ನಮ್ಮ ತಾಲ್ಲೂಕಿನಲ್ಲಿ ದ್ವೇಷವೆಂಬುದೇ ಉಳಿದಿರಬಾರದು. ಆದರೆ ಬಿನ್ನವತ್ತಳೆಯನ್ನು ಯಾರೂ ನಂಬುವುದಿಲ್ಲ. ಓದುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಚೌಕಟ್ಟು ಹಾಕಿಸಿಕೊಂಡು ಮನೆಗೆ ಒಯ್ಯುವವರಿಗೂ ಗೊತ್ತು. ಆದುದರಿಂದ ಆ ಬರಹಗಳು ನನ್ನ ನಿದ್ರೆಯನ್ನು ಎಂದೂ ಕೆಡಿಸಿರಲಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಸಭೆ ಸಮಾರಂಭಗಳನ್ನು ಏರ್ಪಡಿಸುವ ಒಂದು ಸಂಸ್ಥೆಯಲ್ಲಿ ಅವನಿಗೆ ಕೆಲಸ. ಕೈಯಲ್ಲಿ ಇಂಗ್ಲಿಷಿನಲ್ಲಿ ಬೆರಳಚ್ಚಾದ ಒಂದು ಹಾಳೆ. “ಸರ್, ಪತ್ರಿಕೆಗಳಿಗೆ ಕೊಡಬೇಕು, ಸ್ವಲ್ಪ ಒಳ್ಳೆಯ ಕನ್ನಡದಲ್ಲಿ ಮಾಡಿಕೊಡಿ” ಎಂದ. ಒಂದು ಸೌಂದರ್ಯ ಸ್ಪರ್ಧೆಯ ಆಯ್ಕೆಯ ಸುತ್ತು ನಮ್ಮ ಊರಿನ ಕಲ್ಯಾಣಮಂಟಪವೊಂದರಲ್ಲಿ ನಡೆಯಲಿತ್ತು. ಕಾಫಿ ಆರುವುದರೊಳಗೆ ಬರೆದುಕೊಟ್ಟೆ. ಮೊದಲ ವಾಕ್ಯ ಇಂದಿಗೂ ಬಾಯಿಪಾಠವಾಗಿದೆ: “ನಾಡಿನ ಪ್ರತಿಷ್ಠಿತ ಸೌಂದರ್ಯ ಸ್ಪರ್ಧೆಯು ಇದೇ ಪ್ರಥಮ ಬಾರಿಗೆ ನಮ್ಮ ನಗರಕ್ಕೆ ಆಗಮಿಸುತ್ತಿದ್ದು, ಗ್ರಾಮೀಣ ಪ್ರತಿಭೆಗಳಿಗೆ ವಿಶ್ವವೇದಿಕೆಯ ಹೆಬ್ಬಾಗಿಲು ತೆರೆದಂತಾಗಿದೆ.” ಇಂಗ್ಲಿಷಿನ ಹಾಳೆಯಲ್ಲಿ ಹೆಬ್ಬಾಗಿಲು ಇರಲಿಲ್ಲ. ಅದನ್ನು ನಾನು ತಂದು ನಿಲ್ಲಿಸಿದ್ದು. ವಾಕ್ಯದ ಕೊನೆ ಬೋಳಾಗಿ ಕಂಡಿತು, ಅಷ್ಟೆ.

ನಾಲ್ಕನೆಯ ದಿನ ಆ ಬರಹ ಒಂದು ಪತ್ರಿಕೆಯಲ್ಲಿ ಮೂರು ಅಂಕಣದ ಅಗಲಕ್ಕೆ ಅಚ್ಚಾಗಿ ಬಂತು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಮೇಲೆ ಮಾತ್ರ ‘ನಮ್ಮ ಪ್ರತಿನಿಧಿಯಿಂದ’ ಎಂದು ಸೇರಿತ್ತು. ನಾನು ಅದನ್ನು ಕತ್ತರಿಸಿ ಹೆಂಡತಿಗೆ ತೋರಿಸಿದೆನೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಆ ತುಣುಕನ್ನು ನಾನು ಎರಡನೆಯ ಸಲ ಕಂಡದ್ದು ಬೇರೆಯವರ ಕೈಯಲ್ಲಿ. ನಮ್ಮ ಕಾಲೇಜಿನ ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳ ತಂದೆ ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಗೆ ಬಂದರು. ಹಿಟ್ಟಿನ ಗಿರಣಿ ಇಟ್ಟುಕೊಂಡವರು. ಹುಬ್ಬಿನ ಮೇಲೆ ಹಿಟ್ಟಿನ ಧೂಳು ಇನ್ನೂ ಇತ್ತು. ಮಗಳು ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಅರ್ಜಿಗೆ ಒಂದೂವರೆ ಸಾವಿರ. ಆಯ್ಕೆಯಾದಳು. ಕಲ್ಯಾಣಮಂಟಪಕ್ಕೆ ಬಂದಿದ್ದವರೆಲ್ಲರೂ ಆಯ್ಕೆಯಾದರೆಂಬುದು ತಿಳಿದದ್ದು ಅನಂತರ. ಆಮೇಲೆ ನಡಿಗೆಯ ತರಬೇತಿ, ಉಡುಪು, ಛಾಯಾಚಿತ್ರಗಳ ಸಂಪುಟ, ಬೆಂಗಳೂರಿನಲ್ಲಿ ಎರಡು ದಿನದ ವಸತಿ ಎಂದು ಮೂವತ್ತೆರಡು ಸಾವಿರ. ತಾಯಿಯ ಬಳೆ ಬ್ಯಾಂಕಿನಲ್ಲಿ ಅಡವಾಯಿತು. ಅಂತಿಮ ಸುತ್ತಿನಲ್ಲಿ ಒಂದೊಂದು ನಗೆಗೆ, ಒಂದೊಂದು ಕೇಶಕ್ಕೆ, ಒಂದೊಂದು ನಡಿಗೆಗೆ ಒಂದೊಂದು ಬಿರುದು. ಹೆಚ್ಚುಕಡಿಮೆ ಎಲ್ಲರ ಹೆಗಲಿಗೂ ಒಂದೊಂದು ಪಟ್ಟಿ. ಹುಡುಗಿ ಅಂಥದೊಂದು ಪಟ್ಟಿಯೊಡನೆ ರಾತ್ರಿಯ ಬಸ್ಸಿನಲ್ಲಿ ಹಿಂದಿರುಗಿದಳು. ಎಲ್ಲಕ್ಕೂ ರಸೀದಿ ಇತ್ತು. ಕಾನೂನಿನ ಕಣ್ಣಿಗೆ ಯಾವ ತಪ್ಪೂ ಆಗಿರಲಿಲ್ಲ.

“ಮೇಷ್ಟ್ರೇ, ನಾನು ಜಾಹೀರಾತನ್ನ ನಂಬೋನಲ್ಲ. ಎಣ್ಣೆ ಜಾಹೀರಾತು, ಬೀಜದ ಜಾಹೀರಾತು ಎಲ್ಲ ನೋಡಿದೀನಿ. ಇದು ಪೇಪರಿನವರೇ ಬರೆದಿದ್ದಲ್ವಾ ಅಂತ ನಂಬಿದೆ” ಎಂದು ಅವರು ಆ ತುಣುಕನ್ನು ಮೇಜಿನ ಮೇಲಿಟ್ಟರು. ಹೆಬ್ಬಾಗಿಲು ಮೇಜಿನ ಮೇಲೆ ಮಲಗಿತ್ತು. ಆ ದಿನ ನಾನು ಅವರಿಗೆ ನಿಜ ಹೇಳಲಿಲ್ಲ.

ಆ ವಾರ ತರಗತಿಯಲ್ಲಿ ಶಾಸನಗಳ ಪಾಠ ನಡೆಯುತ್ತಿತ್ತು. ಹೊಗಳಿಕೆ ನಮಗೆ ಹೊಸದಲ್ಲ. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯದ ವರ್ಣನೆ ಎಷ್ಟು ಉಜ್ಜ್ವಲವಾಗಿದೆ ಎಂಬುದನ್ನು ಬಲ್ಲವರು ಬಲ್ಲರು. ಆದರೆ ಅದನ್ನು ಬರೆದ ರವಿಕೀರ್ತಿ ತನ್ನ ಹೆಸರನ್ನು ಬಚ್ಚಿಡಲಿಲ್ಲ. ತಾನು ಕಾಳಿದಾಸ ಭಾರವಿಯರಿಗೆ ಸಮಾನನೆಂದು ಹೇಳಿಕೊಳ್ಳುವಷ್ಟು ಧಾರಾಳವಾಗಿಯೇ ತನ್ನನ್ನು ಕಾಣಿಸಿಕೊಂಡ. ಆ ದೊರೆಯ ಕೃಪೆಗೆ ತಾನು ಪಾತ್ರನೆಂಬುದನ್ನೂ ಹೇಳಿದ. ನಮ್ಮ ಪಂಪನೂ ಹಾಗೆಯೇ. ೯೪೧ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ನಿಲ್ಲಿಸಿ ಕಾವ್ಯ ಬರೆದ. ಬರೆದುದಕ್ಕಾಗಿ ಧರ್ಮವುರವೆಂಬ ಅಗ್ರಹಾರ ತನಗೆ ಬಂತೆಂಬುದನ್ನು ಕಾವ್ಯದೊಳಗೇ ಹೇಳಿದ. ಸಾವಿರ ವರ್ಷ ಕಳೆದ ಮೇಲೂ ಓದುಗನು ಆ ಹೊಗಳಿಕೆಯನ್ನು ತೂಗಿ ನೋಡಬಲ್ಲನಾದರೆ, ತಕ್ಕಡಿಯ ಇನ್ನೊಂದು ತಟ್ಟೆಗೆ ಬೇಕಾದ ಕಲ್ಲನ್ನು ಕವಿಯೇ ಕೊಟ್ಟು ಹೋಗಿದ್ದಾನೆ.

ಊರೂರಿನ ದಾನಶಾಸನಗಳ ಕ್ರಮವನ್ನು ನೋಡಿ. ಮೊದಲು ಅರಸನ ಬಿರುದಾವಳಿ. ಎಷ್ಟೋ ಸಲ ಅರ್ಧ ಕಲ್ಲನ್ನು ಅದೇ ನುಂಗಿರುತ್ತದೆ. ಆದರೆ ಅದರ ಕೆಳಗೆ ದತ್ತಿಯ ಭಾಗ ಬರುತ್ತದೆ: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಗದ್ದೆ ಎಷ್ಟು ಮತ್ತರು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕಲ್ಲು, ಸಾಕ್ಷಿ ಯಾರು. ಅನೇಕ ಕಡೆಗಳಲ್ಲಿ ಬರೆದವನ ಹೆಸರು, ಕಂಡರಿಸಿದವನ ಹೆಸರು. ಚರಿತ್ರಕಾರನು ಬಿರುದುಗಳನ್ನು ಬೇಗ ದಾಟಿ ಈ ಭಾಗಕ್ಕೆ ಬಂದು ಕುಳಿತುಕೊಳ್ಳುತ್ತಾನೆ. ಸೌಂದರ್ಯ ಸ್ಪರ್ಧೆಯ ವರದಿಯನ್ನು ಈ ಕಣ್ಣಿನಿಂದ ಓದಿದಾಗ ನನಗೆ ಕಂಡದ್ದೇನೆಂದರೆ, ಇಲ್ಲಿ ಪ್ರಶಸ್ತಿಯ ಭಾಗ ಯಥಾಸ್ಥಿತಿಯಲ್ಲಿದೆ, ದತ್ತಿಯ ಭಾಗವನ್ನು ಕೆತ್ತಿ ತೆಗೆಯಲಾಗಿದೆ. ಹಣ ಹಾಕಿದವರಾರು? ಎಷ್ಟು ಮಂದಿ ಬಂದಿದ್ದರು? ಪ್ರವೇಶಕ್ಕೆ ಶುಲ್ಕವೆಷ್ಟು? ತೀರ್ಪುಗಾರರಿಗೂ ಏರ್ಪಡಿಸಿದವರಿಗೂ ಏನು ನಂಟು? ವರದಿಗಾರನು ಯಾರ ವಾಹನದಲ್ಲಿ ಹೋಗಿ ಯಾರ ಊಟ ಉಂಡು ಬಂದ? ಒಂದಕ್ಕೂ ಉತ್ತರವಿಲ್ಲ. ನಾನು ಬರೆದುದರಲ್ಲಿಯೂ ಇರಲಿಲ್ಲ. ನನಗೆ ಕೇಳಬೇಕೆಂದೂ ತೋರಲಿಲ್ಲ.

ಇದು ನಮ್ಮ ಊರಿನ ಒಂದು ಪತ್ರಿಕೆಯ ಔದಾಸೀನ್ಯದಿಂದ ಮಾತ್ರ ಆದುದಲ್ಲ. ಈ ಸ್ಪರ್ಧೆಗಳ ವಂಶಾವಳಿಯನ್ನು ಬಿಡಿಸಿದರೆ ಪತ್ರಿಕೆಯೂ ಸೌಂದರ್ಯ ಸ್ಪರ್ಧೆಯೂ ಒಂದೇ ತೊಟ್ಟಿಲಲ್ಲಿ ಆಡಿದ ಕೂಸುಗಳೆಂಬುದು ಗೊತ್ತಾಗುತ್ತದೆ. ಅಮೆರಿಕೆಯ ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ಊರಿನ ವರ್ತಕರಿಗೆ ಬೇಸಿಗೆ ಮುಗಿದೊಡನೆ ಪ್ರವಾಸಿಗಳು ಹೊರಟುಹೋಗುವರೆಂಬ ಚಿಂತೆ. ಅವರನ್ನು ಸೆಪ್ಟೆಂಬರಿನಲ್ಲಿಯೂ ಹಿಡಿದಿಡಲು ೧೯೨೧ರಲ್ಲಿ ಒಂದು ಉತ್ಸವ ಮಾಡಿದರು. ಅದರ ಅಂಗವಾಗಿ ಸುಂದರಿಯರ ಸ್ಪರ್ಧೆ. ಸ್ಪರ್ಧಿಗಳನ್ನು ಒದಗಿಸಿದವರು ಆಯಾ ನಗರಗಳ ಪತ್ರಿಕೆಯವರು. ಓದುಗರು ಭಾವಚಿತ್ರ ಕಳುಹಿಸುವುದು, ಪತ್ರಿಕೆ ಆರಿಸುವುದು, ಪ್ರಸಾರ ಹೆಚ್ಚುವುದು. ಗೆದ್ದ ಮಾರ್ಗರೆಟ್ ಗೋರ್ಮನ್ ಹದಿನಾರು ವರ್ಷದ ಹುಡುಗಿ; ವಾಷಿಂಗ್ಟನ್ನಿನ ಒಂದು ಪತ್ರಿಕೆ ಆಕೆಯನ್ನು ಆರಿಸಿ ಕಳುಹಿಸಿತ್ತು. ಪತ್ರಿಕೆ ತಾನೇ ಬೀಜ ಬಿತ್ತಿ ತಾನೇ ಬೆಳೆಯ ವರದಿ ಬರೆಯಿತು.

‘ಮಿಸ್ ವರ್ಲ್ಡ್’ ಎಂಬ ಹೆಸರಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ೧೯೫೧ರಲ್ಲಿ ಬ್ರಿಟನ್ನಿನ ಮಹೋತ್ಸವದ ಸಂದರ್ಭದಲ್ಲಿ ಎರಿಕ್ ಮಾರ್ಲೆ ಎಂಬಾತ ಲಂಡನ್ನಿನಲ್ಲಿ ಏರ್ಪಡಿಸಿದ್ದು ಕೇವಲ ಒಂದು ಈಜುಡುಪಿನ ಸ್ಪರ್ಧೆ. ಅದಕ್ಕೆ ‘ವಿಶ್ವಸುಂದರಿ’ ಎಂಬ ಹೆಸರು ಕೊಟ್ಟವರು ಪತ್ರಿಕೆಯವರು. ಶೀರ್ಷಿಕೆ ಚೆನ್ನಾಗಿತ್ತು, ಮಾರ್ಲೆ ಅದನ್ನೇ ಉಳಿಸಿಕೊಂಡ. ಮಾರನೆಯ ವರ್ಷ ಹುಟ್ಟಿದ ‘ಮಿಸ್ ಯೂನಿವರ್ಸ್’ಗೆ ಈಜುಡುಪಿನ ಒಂದು ಕಂಪೆನಿಯೇ ತಾಯಿ. ೧೯೫೧ರ ಮಿಸ್ ಅಮೆರಿಕ ಯೋಲಾಂಡ್ ಬೆಟ್ಬೀಜ್ ಕಂಪೆನಿಯ ಈಜುಡುಪು ತೊಟ್ಟು ಊರೂರು ಪ್ರದರ್ಶನಕ್ಕೆ ಹೋಗಲಾರೆನೆಂದರು. ಸಿಟ್ಟಾದ ಕಂಪೆನಿ ಬೇರೆಯ ಸ್ಪರ್ಧೆಯನ್ನೇ ಕಟ್ಟಿತು. ವಿಶ್ವವೂ ಬ್ರಹ್ಮಾಂಡವೂ ಹೀಗೆ ಒಂದು ಶೀರ್ಷಿಕೆಯಿಂದ, ಒಂದು ಜಗಳದಿಂದ ಹುಟ್ಟಿಕೊಂಡವು. ೨೦೨೨ರಲ್ಲಿ ಥಾಯ್ಲೆಂಡಿನ ಒಂದು ಕಂಪೆನಿ ಈ ಬ್ರಹ್ಮಾಂಡವನ್ನು ಎರಡು ಕೋಟಿ ಡಾಲರುಗಳಿಗೆ ಕೊಂಡಿತು. ಕೊಳ್ಳುವ ಮಾರುವ ವಸ್ತುವಿಗೆ ‘ಪ್ರತಿಷ್ಠೆ’ ಎಂಬುದು ಬಂಡವಾಳದ ಒಂದು ಭಾಗ. ಅದನ್ನು ವರ್ಷವರ್ಷವೂ ಬಿಟ್ಟಿಯಾಗಿ ತುಂಬಿಕೊಡುವವರು ನಾವು, ವಿಶೇಷಣಗಳನ್ನು ಬರೆಯುವವರು.

ನಮ್ಮ ದೇಶದಲ್ಲಿ ‘ಫೆಮಿನಾ ಮಿಸ್ ಇಂಡಿಯಾ’ ೧೯೬೪ರಿಂದ ಟೈಮ್ಸ್ ಸಮೂಹದ ಆಶ್ರಯದಲ್ಲಿ ನಡೆದುಬಂದಿದೆ. ಫೆಮಿನಾ ಆ ಸಮೂಹದ ಪತ್ರಿಕೆ. ಇದು ಗುಟ್ಟಲ್ಲ, ಹೆಸರಿನಲ್ಲಿಯೇ ಇದೆ. ಆದರೂ ಆ ಸಮೂಹದ ಪತ್ರಿಕೆಗಳಲ್ಲಿ ಆ ಸ್ಪರ್ಧೆಯ ಸಮಾಚಾರವನ್ನು ಓದುವಾಗ, ಮದುವೆಮನೆಯವರೇ ತಮ್ಮ ಊಟವನ್ನು ಹೊಗಳುತ್ತಿದ್ದಾರೆಂಬುದನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಊಟ ನಿಜವಾಗಿಯೂ ಚೆನ್ನಾಗಿದ್ದಿರಬಹುದು.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನನ್ನ ಅಧಿಕಾರವೇನಿದ್ದರೂ ಅಲ್ಲಿ ಮಾತ್ರ. ವಿಶೇಷಣದ ಕೆಲಸವೇನು? ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು, ಅಂದರೆ ವ್ಯಾವರ್ತಕವಾಗುವುದು. ‘ಕಪ್ಪು ಹಸು’ ಎಂದರೆ ಬಿಳಿಯ ಹಸು ಬೇರೆಲ್ಲಿಯೋ ಇದೆಯೆಂದು ಅರ್ಥ. ಹಾಗಾದರೆ ‘ಪ್ರತಿಷ್ಠಿತವಲ್ಲದ ಸೌಂದರ್ಯ ಸ್ಪರ್ಧೆ’ ಎಂದು ಯಾವ ಪತ್ರಿಕೆಯಾದರೂ ಎಂದಾದರೂ ಬರೆದುದುಂಟೆ? ‘ಸಾಧಾರಣವಾಗಿ ನಡೆದ ಅಂತಿಮ ಸುತ್ತು’? ‘ಅಷ್ಟೇನೂ ಸಂಭ್ರಮವಿಲ್ಲದ ಕಿರೀಟಧಾರಣೆ’? ವಿರುದ್ಧಪದವನ್ನು ಎಂದೂ ಕಾಣದ ವಿಶೇಷಣ ಯಾವುದನ್ನೂ ಬೇರ್ಪಡಿಸುವುದಿಲ್ಲ. ಅದು ಗರ್ಭಗುಡಿಯ ಮುಂದಿನ ಗಂಟೆಯಂತೆ ಸದ್ದು ಮಾಡುತ್ತದೆ, ಅಷ್ಟೆ. ‘ಪ್ರತಿಷ್ಠಿತ’ ಎಂಬ ಪದದಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ಪ್ರತಿಷ್ಠೆ ತಾನಾಗಿ ಆಗುವುದಲ್ಲ, ಮಾಡುವುದು. ವಿಗ್ರಹವನ್ನು ಯಾರೋ ತಂದು ನಿಲ್ಲಿಸಿ ಮಂತ್ರ ಹೇಳಿರಬೇಕು. ಮಂತ್ರ ಹೇಳಿದವರು ಯಾರು, ದಕ್ಷಿಣೆ ಎಷ್ಟು ಎಂದು ಕೇಳುವ ಹಕ್ಕು ಭಕ್ತನಿಗಿದೆ.

ಎರಡನೆಯದು ಕರ್ತೃವಿಲ್ಲದ ಕ್ರಿಯಾಪದ. ‘ಎನ್ನಲಾಗಿದೆ’, ‘ಪರಿಗಣಿಸಲಾಗುತ್ತಿದೆ’, ‘ಭಾರೀ ನಿರೀಕ್ಷೆ ಮೂಡಿದೆ’. ಯಾರಲ್ಲಿ ಮೂಡಿದೆ? ಏರ್ಪಡಿಸಿದವರ ಬಾಯಲ್ಲಿ ಬಂದಿದ್ದರೆ ಅದು ಆಸೆ. ಕರ್ತೃವನ್ನು ಕಳಚಿ ಬರೆದೊಡನೆ ಊರಿನ ಅಭಿಪ್ರಾಯ. ‘ತಿಳಿಸಿದರು’ ಮತ್ತು ‘ಹೇಳಿದರು’ ಎಂಬ ಪದಗಳ ವ್ಯತ್ಯಾಸವನ್ನೂ ಗಮನಿಸಬೇಕು. ನಿಜವಾದುದನ್ನು ತಿಳಿಸುತ್ತಾರೆ, ನಿಜವೋ ಸುಳ್ಳೋ, ಏನನ್ನಾದರೂ ಹೇಳಬಹುದು. ಏರ್ಪಡಿಸಿದವರು ಯಾವಾಗಲೂ ‘ತಿಳಿಸುತ್ತಾರೆ’, ‘ಸ್ಪಷ್ಟಪಡಿಸುತ್ತಾರೆ’. ಸೋತು ಬೇಸರಗೊಂಡ ಹುಡುಗಿ ‘ಆರೋಪಿಸುತ್ತಾಳೆ’, ಇಲ್ಲವೆ ‘ಅಳಲು ತೋಡಿಕೊಳ್ಳುತ್ತಾಳೆ’.

ಮೂರನೆಯದು ಕನ್ನಡದ ಒಂದು ಸೂಕ್ಷ್ಮ. ಮೇಲಿನ ವಾಕ್ಯದಲ್ಲಿಯೇ ನಾನು ಆ ಹುಡುಗಿಯನ್ನು ಏಕವಚನದಲ್ಲಿ ಕರೆದುದನ್ನು ಓದುಗರು ಗಮನಿಸಿದರೋ ಇಲ್ಲವೋ. ಶಾಸಕರು ‘ಆಗಮಿಸಿದರು’, ಪ್ರಾಯೋಜಕರು ‘ಹಾರೈಸಿದರು’, ಚೆಲುವೆ ‘ಗೆದ್ದಳು’. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿನಿಗೆ ಹೆಸರಿರುತ್ತದೆ. ವೇದಿಕೆಯ ಮೇಲಿನ ಹುಡುಗಿಗೆ ‘ಬೆಡಗಿ’, ‘ಲಲನೆ’, ‘ನೀರೆ’ ಎಂಬ ಕೋಶದ ಪದಗಳು. ಹಳಗನ್ನಡದ ಕಾವ್ಯಗಳಿಂದ ನಾವು ಇಷ್ಟು ಪದಗಳನ್ನು ಮಾತ್ರ ಉಳಿಸಿಕೊಂಡು ಬಂದೆವೆಂಬುದು ಸಂತೋಷಪಡತಕ್ಕ ಸಂಗತಿಯಲ್ಲ. ಇಂದು ಎಷ್ಟೋ ಪತ್ರಿಕೆಗಳು ಬಹುವಚನಕ್ಕೆ ಬಂದಿವೆ. ಬಾರದ ಕಡೆ, ಆ ಒಂದು ವಿಭಕ್ತಿಯ ಸಣ್ಣತನದಲ್ಲಿಯೇ ಬರೆದವನು ಯಾರ ಕಡೆ ನಿಂತಿದ್ದಾನೆಂಬುದು ಕಾಣುತ್ತದೆ. (ವ್ಯಾಕರಣ ಬಲ್ಲ ಮಿತ್ರರು ಅದು ವಿಭಕ್ತಿಯಲ್ಲ, ಆಖ್ಯಾತಪ್ರತ್ಯಯ ಎಂದು ತಿದ್ದುವ ಮೊದಲೇ ತಪ್ಪೊಪ್ಪಿಕೊಳ್ಳುತ್ತೇನೆ.)

ಊರಿನ ಅಭಿಮಾನದ ಮಾತೂ ಇದೆ. ೧೯೯೪ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಆದರು, ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದರು. ಮಂಗಳೂರಿನಲ್ಲಿ ಹುಟ್ಟಿದ, ತುಳು ಮನೆಮಾತಿನ ಐಶ್ವರ್ಯಾ ನಮ್ಮವರೆಂದು ನಾವೆಲ್ಲ ಹಿಗ್ಗಿದೆವು. ಆಕೆ ಬೆಳೆದದ್ದು ಮುಂಬಯಿಯಲ್ಲಿ ಎಂಬುದು ಎರಡನೆಯ ಪುಟಕ್ಕೆ ಹೋಯಿತು. ೨೦೨೨ರಲ್ಲಿ ಕರ್ನಾಟಕದ ಪ್ರತಿನಿಧಿಯಾಗಿ ಮಿಸ್ ಇಂಡಿಯಾ ಆದ ಸಿನಿ ಶೆಟ್ಟಿಯವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಅವರೂ ಹುಟ್ಟಿದ್ದು ಮುಂಬಯಿಯಲ್ಲಿ. ೨೦೨೪ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ನಡೆದ ಮಿಸ್ ವರ್ಲ್ಡ್‌ನಲ್ಲಿ ಅವರು ಕೊನೆಯ ಎಂಟರವರೆಗೆ ಬಂದರು, ನಾಲ್ಕರೊಳಗೆ ಬರಲಿಲ್ಲ. ಈ ಒಂದು ಸಂಗತಿಯನ್ನು ‘ಎಂಟರೊಳಗೆ ಸ್ಥಾನ’ ಎಂದೂ ಬರೆಯಬಹುದು, ‘ನಾಲ್ಕರ ಹಂತಕ್ಕೆ ಮುನ್ನ ನಿರ್ಗಮನ’ ಎಂದೂ ಬರೆಯಬಹುದು, ‘ತವರಿನಲ್ಲೇ ಕೈತಪ್ಪಿದ ಕಿರೀಟ’ ಎಂದೂ ಬರೆಯಬಹುದು. ಮೂರೂ ಸುಳ್ಳಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಅಭ್ಯಾಸವಾಗಿ ಕೊಟ್ಟಾಗ ಒಬ್ಬ ಹುಡುಗ ನಾಲ್ಕನೆಯದೊಂದನ್ನು ಬರೆದ: ‘ಸ್ಪರ್ಧೆ ನಡೆಯಿತು, ಚೆಕ್ ಗಣರಾಜ್ಯದ ಕ್ರಿಸ್ಟಿನಾ ಪಿಸ್ಕೋವಾ ಗೆದ್ದರು.’ ಅದಕ್ಕೆ ಪೂರ್ಣಾಂಕ ಕೊಟ್ಟೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ದಡದ ಪಕ್ಷಪಾತವನ್ನು ಮರೆಮಾಚಿದರೆ ನಾನೂ ಅರ್ಧ ಕಲ್ಲನ್ನು ಕೆತ್ತಿದಂತಾಗುತ್ತದೆ. ೧೯೯೬ರಲ್ಲಿ ನಾನು ಮೈಸೂರಿನಲ್ಲಿ ಪಿ.ಯು.ಸಿ. ಓದುತ್ತಿದ್ದೆ. ಆ ವರ್ಷದ ನವೆಂಬರ್ ೨೩ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೆಯಿತು. ಏರ್ಪಡಿಸಿದ್ದು ಅಮಿತಾಭ್ ಬಚ್ಚನ್ನರ ಸಂಸ್ಥೆ, ರಾಜ್ಯದಲ್ಲಿ ಜೆ. ಎಚ್. ಪಟೇಲರ ಸರ್ಕಾರ. ವಾರಗಟ್ಟಲೆ ಹಾಸ್ಟೆಲಿನ ವಾಚನಾಲಯದಲ್ಲಿ ಪತ್ರಿಕೆಗಳಿಗೆ ನೂಕುನುಗ್ಗಲು. ಒಂದು ಕಡೆ ‘ವಿಶ್ವಭೂಪಟದಲ್ಲಿ ಬೆಂಗಳೂರು’ ಎಂಬ ಧಾಟಿ. ಇನ್ನೊಂದು ಕಡೆ ‘ಸಂಸ್ಕೃತಿಯ ಮೇಲೆ ಆಕ್ರಮಣ’ ಎಂಬ ಧಾಟಿ. ಹದಿನೇಳರ ಹರೆಯದ ನಮಗೆ ಎರಡೂ ಸಮಾನವಾಗಿ ರೋಮಾಂಚಕಾರಿಯಾಗಿದ್ದವು.

ಹತ್ತು ವರ್ಷಗಳಾದ ಮೇಲೆ ಬೇರೊಂದು ಕೆಲಸಕ್ಕಾಗಿ ಗ್ರಂಥಾಲಯದಲ್ಲಿ ಆ ತಿಂಗಳ ಸಂಪುಟಗಳನ್ನು ತಿರುವಿದಾಗ ನನ್ನ ಗಮನ ಸೆಳೆದದ್ದು ‘ಪ್ರತಿಭಟನಾಕಾರರು’ ಎಂಬ ಒಂದೇ ಪದ. ಆ ಒಂದು ಪದದ ಹೊಟ್ಟೆಯಲ್ಲಿ ಎಷ್ಟು ಬಗೆಯ ಜನರಿದ್ದರು! ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘ ವಿರೋಧಿಸಿದ್ದು ಬಹುರಾಷ್ಟ್ರೀಯ ಕಂಪೆನಿಗಳ ಮಾರುಕಟ್ಟೆಯನ್ನು. ಅದೇ ವರ್ಷದ ಆರಂಭದಲ್ಲಿ ಅವರು ವಿದೇಶಿ ಕೋಳಿಮಾಂಸದ ಅಂಗಡಿಗೆ ನುಗ್ಗಿದ್ದರು. ಮಹಿಳಾ ಸಂಘಟನೆಗಳಲ್ಲಿ ಕೆಲವು ವಿರೋಧಿಸಿದ್ದು ಹೆಣ್ಣಿನ ಶರೀರವನ್ನು ಸರಕಾಗಿಸುವುದನ್ನು. ಇನ್ನು ಕೆಲವರಿಗೆ ಬೇಡವಾದದ್ದು ಹೆಣ್ಣು ಮೈದೋರುವುದು; ಅವಳು ಮನೆಯಲ್ಲಿಯೇ ಇರಬೇಕೆಂಬುದು ಅವರ ಮನಸ್ಸಿನಲ್ಲಿದ್ದುದು. ಎರಡನೆಯವರಿಗೂ ಮೂರನೆಯವರಿಗೂ ಬದ್ಧವೈರ. ವರದಿಗಳಲ್ಲಿ ಮಾತ್ರ ಎಲ್ಲರೂ ಒಂದೇ ಲಾರಿಯಲ್ಲಿ ಬಂಧಿತರಾದರು. ಈಜುಡುಪಿನ ಸುತ್ತನ್ನು ಸೇಷಲ್ಸ್ ದ್ವೀಪಕ್ಕೆ ಸಾಗಿಸಿದರು. ಸ್ಪರ್ಧೆಗೆ ಕೆಲವು ದಿನಗಳ ಮೊದಲು ಮಧುರೆಯಲ್ಲಿ ಒಬ್ಬ ಯುವಕ ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಸ್ಪರ್ಧೆ ನಡೆದು ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಗೆದ್ದರು. ಏರ್ಪಡಿಸಿದ ಸಂಸ್ಥೆ ಮುಂದೆ ತೀವ್ರವಾದ ಸಾಲದ ಸಂಕಟಕ್ಕೆ ಸಿಲುಕಿತು. ಭೂಪಟದಲ್ಲಿ ಬೆಂಗಳೂರು ಮೊದಲಿದ್ದ ಜಾಗದಲ್ಲಿಯೇ ಇತ್ತು. ಅದನ್ನು ಹೊರನಾಡಿಗೆ ಪರಿಚಯಿಸಿದವರು ಬೇರೆ ಕಚೇರಿಗಳಲ್ಲಿ ಬೇರೆ ಕೆಲಸ ಮಾಡುತ್ತಿದ್ದರು.

ಆ ಎಂಬತ್ತೆಂಟು ಸ್ಪರ್ಧಿಗಳಲ್ಲಿ ಒಬ್ಬರನ್ನಾದರೂ ‘ನೀವೇಕೆ ಬಂದಿರಿ?’ ಎಂದು ಗಂಭೀರವಾಗಿ ಕೇಳಿದ ಬರಹವನ್ನು ಆ ಸಂಪುಟಗಳಲ್ಲಿ ನಾನು ಕಾಣಲಿಲ್ಲ. ಹೊಗಳಿದವರಿಗೂ ತೆಗಳಿದವರಿಗೂ ಅವರು ಗೊಂಬೆಗಳೇ ಆಗಿದ್ದರು. ೧೯೬೬ರಲ್ಲಿ ಮಿಸ್ ವರ್ಲ್ಡ್ ಆದ ರೀಟಾ ಫರಿಯಾ ವೈದ್ಯಕೀಯ ವಿದ್ಯಾರ್ಥಿನಿ; ಒಂದು ವರ್ಷ ಕಿರೀಟದ ಕೆಲಸ ಮುಗಿಸಿ, ಓದಿಗೆ ಮರಳಿ, ವೈದ್ಯರಾದರು. ಕಿರೀಟದಿಂದ ಚಿತ್ರರಂಗಕ್ಕೆ ನೆಟ್ಟಗೆ ಹೋಗುವ ನಮ್ಮ ವರದಿಗಳ ರಸ್ತೆಯಲ್ಲಿ ಆ ತಿರುವಿಗೆ ಜಾಗವಿಲ್ಲ.

ಕಳೆದ ೨೦೨೫ರ ಮೇ ತಿಂಗಳಲ್ಲಿ ಇದೇ ಸ್ಪರ್ಧೆ ನೆರೆಯ ಹೈದರಾಬಾದಿನಲ್ಲಿ ನಡೆದಾಗ ನಾನು ತರಗತಿಗೆ ಪ್ರತಿದಿನ ನಾಲ್ಕು ಪತ್ರಿಕೆಗಳನ್ನು ಒಯ್ಯುತ್ತಿದ್ದೆ. ರಾಮಪ್ಪ ದೇವಾಲಯದಲ್ಲಿ ಸ್ಥಳೀಯ ಮಹಿಳೆಯರು ಸ್ಪರ್ಧಿಗಳ ಪಾದಕ್ಕೆ ನೀರೆರೆದು ಒರೆಸಿದರು. ಸರ್ಕಾರದ ಕಡೆಯವರಿಗೆ ಅದು ಅತಿಥಿ ಸತ್ಕಾರ. ವಿರೋಧಪಕ್ಷದವರಿಗೆ ತೆಲಂಗಾಣದ ಹೆಣ್ಣುಮಕ್ಕಳಿಗಾದ ಅವಮಾನ. ‘ಪಾದಪೂಜೆ’, ‘ಕಾಲು ತೊಳೆಸಿದರು’ ಎಂಬ ಎರಡು ಮಾತುಗಳ ನಡುವೆ ನೀರು ಒಂದೇ. ನೀರೆರೆದ ಮಹಿಳೆಯರ ಹೆಸರು ನಮ್ಮ ನಾಲ್ಕು ಪತ್ರಿಕೆಗಳಲ್ಲಿ ಒಂದರಲ್ಲಿಯೂ ಇರಲಿಲ್ಲವೆಂಬುದನ್ನು ಗುರುತಿಸಿದವಳು ಆ ಗಿರಣಿಯವರ ಮಗಳು. ಅದೇ ತಿಂಗಳು ಇಂಗ್ಲೆಂಡಿನ ಪ್ರತಿನಿಧಿ ಮಿಲ್ಲಾ ಮ್ಯಾಗಿ ಸ್ಪರ್ಧೆಯನ್ನು ಬಿಟ್ಟು ಹೊರಟರು. ಊರಿಗೆ ಹೋದ ಮೇಲೆ, ಶ್ರೀಮಂತ ಪ್ರಾಯೋಜಕರ ಮನರಂಜನೆಗೆ ತಮ್ಮನ್ನು ಕೂಡಿಸಲಾಯಿತೆಂದು ದೂರಿದರು. ಸ್ಪರ್ಧೆಯ ಸಂಸ್ಥೆ ಅದನ್ನು ಅಲ್ಲಗಳೆಯಿತು. ರಾಜ್ಯ ಸರ್ಕಾರ ವಿಚಾರಣೆಗೆ ಆದೇಶಿಸಿತು. ನಮ್ಮ ತರಗತಿಯ ಕೆಲಸ ಯಾರು ನಿಜ ಹೇಳಿದರೆಂದು ತೀರ್ಪು ಕೊಡುವುದಾಗಿರಲಿಲ್ಲ. ದೂರು ಎಷ್ಟನೆಯ ಪುಟದಲ್ಲಿ ಬಂತು, ಅಲ್ಲಗಳೆದದ್ದು ಎಷ್ಟು ಸಾಲು, ಅದೇ ಪುಟದ ಕೆಳಗೆ ಯಾರ ಜಾಹೀರಾತು ಎಂದು ಅಳೆಯುವುದಷ್ಟೆ.

ಪತ್ರಿಕಾ ಮಂಡಳಿಯ ಆಚಾರಸಂಹಿತೆಯಲ್ಲಿ ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣುವಂತಿರಬೇಕೆಂದು ಇದೆ. ಚುನಾವಣೆಯ ಕಾಲದ ‘ಕಾಸಿಗಾಗಿ ಸುದ್ದಿ’ಯ ಹಾವಳಿಯನ್ನು ಪರಿಶೀಲಿಸಲು ಅದೇ ಮಂಡಳಿ ೨೦೦೯ರಲ್ಲಿ ಇಬ್ಬರು ಸದಸ್ಯರ ಉಪಸಮಿತಿಯನ್ನೂ ನೇಮಿಸಿತ್ತು. ಆದರೆ ನನ್ನ ಹೆಬ್ಬಾಗಿಲಿಗೆ ಯಾರೂ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ನಾನು ಪಡೆದದ್ದು ಒಂದು ಪೆಟ್ಟಿಗೆ ಮೈಸೂರುಪಾಕು. ಪತ್ರಿಕೆಯವರಿಗೆ ಅಷ್ಟೂ ಸಿಕ್ಕಿತೋ ಇಲ್ಲವೋ. ಅವರಿಗೆ ಬೇಕಾಗಿದ್ದುದು ಮೂರು ಅಂಕಣ ತುಂಬುವ, ತಪ್ಪಿಲ್ಲದ ಕನ್ನಡ. ಜಿಲ್ಲೆಗೊಬ್ಬ ವರದಿಗಾರ, ದಿನಕ್ಕೆ ಹತ್ತು ಸಮಾರಂಭ, ರಾತ್ರಿ ಎಂಟಕ್ಕೆ ಪುಟ ಕಟ್ಟಬೇಕು. ಅಂಥ ಹೊತ್ತಿನಲ್ಲಿ ಸಿದ್ಧವಾದ ಬರಹ ಬಂದರೆ ಯಾರು ತಾನೇ ಬೇಡವೆನ್ನುತ್ತಾರೆ? ಲಂಚಕ್ಕಿಂತ ಸೋಮಾರಿತನ ಅಗ್ಗ. ಅದಕ್ಕೆ ರಸೀದಿಯೂ ಬೇಕಿಲ್ಲ.

ಮಳೆಗಾಲದಲ್ಲಿ ಒಂದು ದಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಟ್ಟೆ. ಹಳೆಯ ವರದಿಯೊಂದನ್ನು ತರಬೇಕು. ಅಳತೆಗೆ ಸಿಕ್ಕುವ ಸಂಗತಿಗಳ ಕೆಳಗೆ ನೀಲಿ ಗೆರೆ, ಅಳೆಯಲಾಗದ ಹೊಗಳಿಕೆಯ ಕೆಳಗೆ ಕೆಂಪು ಗೆರೆ ಹಾಕಬೇಕು. ಗಿರಣಿಯವರ ಮಗಳು ತಂದದ್ದು ಯಾವ ತುಣುಕನ್ನು ಎಂದು ಬೇರೆ ಹೇಳಬೇಕಾಗಿಲ್ಲ. ಅದನ್ನು ಆಕೆ ಮೇಜಿನ ಮೇಲೆ ಹರಡಿದರು. ಇಡೀ ಬರಹ ಕೆಂಪು. ನೀಲಿ ಗೆರೆ ಮೂರು ಕಡೆ: ದಿನಾಂಕ, ಕಲ್ಯಾಣಮಂಟಪದ ವಿಳಾಸ, ಕೊನೆಯಲ್ಲಿ ‘ಸಂಪರ್ಕಿಸಬಹುದು’ ಎಂಬುದರ ಜೊತೆಗಿದ್ದ ದೂರವಾಣಿ ಸಂಖ್ಯೆ.

“ಸರ್, ದೂರವಾಣಿ ಸಂಖ್ಯೆಯಲ್ಲಿ ಮುಗಿಯುವ ಸುದ್ದಿ ಸುದ್ದಿಯಲ್ಲ, ಅಲ್ಲವೆ?” ಎಂದರು.

“ಅಲ್ಲ” ಎಂದೆ.

“ಆದರೆ ಬರೆದವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ‘ಹೆಬ್ಬಾಗಿಲು ತೆರೆದಂತಾಗಿದೆ’ — ‘ತೆರೆದಿದೆ’ ಎಂದು ಬರೆದಿಲ್ಲ ನೋಡಿ. ‘ತೆರೆದಂತಾಗಿದೆ’. ನಾಳೆ ಯಾರಾದರೂ ಕೇಳಿದರೆ ತಪ್ಪಿಸಿಕೊಳ್ಳಬಹುದು.”

ಅಷ್ಟು ಸೂಕ್ಷ್ಮವಾಗಿ ನನ್ನ ಬರಹವನ್ನು ಇದುವರೆಗೆ ಯಾವ ವಿಮರ್ಶಕನೂ ಓದಿರಲಿಲ್ಲ. ತರಗತಿ ಮುಗಿದು ಹುಡುಗರೆಲ್ಲ ಹೊರಟ ಮೇಲೆ ಆಕೆಗೆ ವಿಷಯವನ್ನು ಹೇಳಿದೆ. ಹಳೆಯ ವಿದ್ಯಾರ್ಥಿ, ಕಾಫಿ, ಮೈಸೂರುಪಾಕು, ಹೆಂಡತಿಗೆ ತೋರಿಸಿದ್ದು, ಯಾವುದನ್ನೂ ಬಿಡಲಿಲ್ಲ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಬಳೆಯನ್ನು ಬಿಡಿಸಿಕೊಂಡದ್ದಾಯಿತೇ ಎಂದು ಕೇಳಿದೆ. ಇನ್ನೂ ನಾಲ್ಕು ಕಂತು ಇದೆ ಎಂದರು.

ಆಮೇಲೆ ತುಣುಕನ್ನು ನನ್ನ ಕಡೆಗೆ ಸರಿಸಿ, ನೀಲಿ ಸೀಸದಕಡ್ಡಿಯನ್ನು ಅದರ ಮೇಲಿಟ್ಟರು. “ಶಾಸನದ ಪಾಠದಲ್ಲಿ ಹೇಳಿದ್ದಿರಲ್ಲ ಸರ್, ಕೊನೆಯಲ್ಲಿ ಬರೆದವನ ಹೆಸರಿರುತ್ತದೆ ಅಂತ. ಬರೆದುಕೊಡಿ. ಅಪ್ಪನಿಗೆ ತೋರಿಸಬೇಕು.”

‘ನಮ್ಮ ಪ್ರತಿನಿಧಿಯಿಂದ’ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ, ಕೆಳಗೆ ತಾರೀಖು ಹಾಕಿದೆ. ಮಾರನೆಯ ದಿನ ಕಾಲೇಜಿಗೆ ಹೋಗುವ ದಾರಿಯಲ್ಲಿ ಗಿರಣಿ ಸಿಕ್ಕುತ್ತದೆ. ಪಕ್ಕದ ಬೀದಿಯಿಂದ ಸುತ್ತಿ ಹೋಗಬಹುದಾಗಿತ್ತು, ಹೋಗಲಿಲ್ಲ. ಯಂತ್ರ ಓಡುತ್ತಿದ್ದುದರಿಂದ ಅವರು ಕೈಸನ್ನೆ ಮಾಡಿ ಒಳಗೆ ಕರೆದು, ರಾಗಿಯ ಮೂಟೆಯ ಮೇಲೆ ಒಂದು ಗೋಣಿಚೀಲ ಮಡಿಸಿ ಹಾಕಿ, ಕೂಡುವಂತೆ ತೋರಿಸಿದರು.